ಸಣ್ಣದು ಸಾಕು ಅಂದಿದ್ದೆ

ನಿಪ್ಪಾಣಿಯ ಆ ರಿಪೇರಿ ಅಂಗಡಿಯವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಹೆಸರು ಕೆಡಿಸಿದವಳೇ ನಾನು; ಈಗ ಅದನ್ನು ಚೆಂದದ ಅಕ್ಷರದಲ್ಲಿ ಬರೆದು ದೊಡ್ಡವಳಾಗುವುದು ಬೇಡ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯಿಂದ ಕಂಪ್ಯೂಟರು ಹೊತ್ತು ಬರುವವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಅವರು ಬದುಕಿದ್ದಾಗ ನಾಲ್ಕು ಜನರ ಮುಂದೆ ನಾನು ಒಂದು ಮಾತು ಹೇಳಬೇಕಿತ್ತು: ತಪ್ಪು ಇವರದಲ್ಲ, ನನ್ನದು. ಬಹಳ ಸಣ್ಣ ವಾಕ್ಯ. ನಾಲ್ಕನೇ ಇಯತ್ತೆಯ ಹುಡುಗ ಕೂಡ ತಪ್ಪಿಲ್ಲದೆ ಬರೆಯುತ್ತಾನೆ. ಹೇಳಲು ನನಗೆ ಒಂದು ವರ್ಷದ ಮೇಲೆ ಸಮಯವಿತ್ತು. ಹೇಳಲಿಲ್ಲ. ಅವರು ಹೋಗಿಬಿಟ್ಟರು.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಒಂದು ಕೊಂಬು ಬಿಟ್ಟರೆ ಅರ್ಧ ಅಂಕ ಕಳೆಯುತ್ತೇನೆಂದು ಮಕ್ಕಳು ನನಗೆ ಹೆಸರಿಟ್ಟಿದ್ದಾರೆ. ನನ್ನ ಬಾಯಿಗೆ ಅಂಜಿ ಹೆಡ್‌ಮಾಸ್ತರರೂ ಸ್ಟಾಫ್ ರೂಮಿಗೆ ಕೆಮ್ಮಿಯೇ ಬರುತ್ತಾರೆ. ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತಿಲ್ಲ. ಇಷ್ಟು ದೊಡ್ಡ ಬಾಯಿ ಬೇಕಾದಾಗ ಎಲ್ಲಿ ಹೋಗಿತ್ತು ಅಂತ ನನಗೇ ನಾಚಿಕೆಯಾಗುತ್ತದೆ.

ಚಾಚಾ ಅವರ ಅಂಗಡಿ ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಪಕ್ಕದಲ್ಲಿ ತಂಬಾಕು ಒಟ್ಟುವ ಗೋದಾಮು, ವಖಾರಿ. ಓಣಿಗೆ ಕಾಲಿಟ್ಟ ಹೊಸಬರು ಎರಡು ಸಲ ಸೀನಿದರೆ ಒಳಗಿನಿಂದಲೇ, "ಬರ್ರಿ, ಗಿರಾಕಿ ಬಂದ್ರು" ಎಂದು ಚಾಚಾ ಕರೆಯುತ್ತಿದ್ದರು. ಅವರ ತಂದೆ ಅದೇ ಅಂಗಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರಂತೆ. ಇವರು ಟೇಪ್ ರೆಕಾರ್ಡರಿನಿಂದ ಶುರು ಮಾಡಿ, ಟೀವಿ ದಾಟಿ, ಕಂಪ್ಯೂಟರಿಗೆ ಬಂದಿದ್ದರು. ಎತ್ತರದ ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಮೂಗಿನ ತುದಿಗೆ ಇಳಿದ ಕನ್ನಡಕ. ಒಂದೇ ಉಸಿರಿನಲ್ಲಿ ಒಬ್ಬ ಗಿರಾಕಿಗೆ ಕನ್ನಡ, ಇನ್ನೊಬ್ಬನಿಗೆ ಮರಾಠಿ, ಒಳಗಿದ್ದ ಮಗನಿಗೆ ಉರ್ದು. ಯಾವ ಭಾಷೆಯಲ್ಲೂ ಅವರ ದನಿ ಏರಿದ್ದನ್ನು ನಾನು ಕೇಳಿಲ್ಲ.

ಯಾವುದೇ ಯಂತ್ರ ಬಿಚ್ಚುವ ಮುಂಚೆ ಅವರು ಎದ್ದು ಹೋಗಿ ಅಂಗಡಿಯ ಕಬ್ಬಿಣದ ಶಟರಿಗೆ ಅಂಗೈ ಒತ್ತಿ ಬರುತ್ತಿದ್ದರು. ಬಹಳ ಜನ ಅದನ್ನು ದೇವರ ನೆನಪು ಅಂದುಕೊಂಡಿದ್ದರು. ನಾನೂ ಹಾಗೇ ತಿಳಿದು ಒಮ್ಮೆ ಕೇಳಿದೆ. "ಇಲ್ರಿ ಅಕ್ಕೋರ. ಮೈಯಾಗಿನ ಕರೆಂಟ್ ಇಳಸಬೇಕಾಗ್ತೈತಿ. ಇಲ್ಲಂದ್ರ ಸಣ್ಣ ಸಣ್ಣ ಪಾರ್ಟ್ ಸುಡ್ತಾವು," ಎಂದು ನಕ್ಕರು. ಆಮೇಲೆ, "ದೇವರ ಹೆಸರೂ ತಗೋತೀನಿ, ಸುಳ್ಳ್ಯಾಕ," ಅಂದರು.

ಇನ್ನೊಂದು ಪದ್ಧತಿ ಚಹಾದ್ದು. ಕಂಪ್ಯೂಟರು ನಿಧಾನವಾಗಿದೆ ಎಂದು ಯಾರೇ ಬರಲಿ, ಚಹಾ ತರಿಸಿ ಅವರ ಕೈಗೆ ಕೊಟ್ಟು ಅದೇ ಹೊತ್ತಿಗೆ ಯಂತ್ರದ ಗುಂಡಿ ಒತ್ತುತ್ತಿದ್ದರು. ಚಹಾ ಮುಗಿಯುವುದರೊಳಗೆ ಪರದೆ ತೆರೆದರೆ, "ಇದಕ್ಕೇನೂ ಆಗಿಲ್ಲ, ಸುಮ್ನ ಖರ್ಚ ಮಾಡಬ್ಯಾಡ್ರಿ," ಎಂದು ವಾಪಸ್ಸು ಕಳಿಸುತ್ತಿದ್ದರು. ಚಹಾ ಮುಗಿದು ಕಪ್ಪು ಆರಿದರೆ ಮಾತ್ರ ಸ್ಕ್ರೂ ಡ್ರೈವರ್ ಕೈಗೆ ಬರುತ್ತಿತ್ತು. ಬಿಚ್ಚಿದ ಸ್ಕ್ರೂಗಳನ್ನು ಡಬ್ಬಿಗೆ ಸುರಿಯುತ್ತಿರಲಿಲ್ಲ. ಹಳೆಯ ಮರಾಠಿ ಪೇಪರಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಗೀಚಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ನಿಲ್ಲಿಸುತ್ತಿದ್ದರು. ಕೆಲಸ ಮುಗಿದಾಗ ಒಂದೂ ಉಳಿಯುತ್ತಿರಲಿಲ್ಲ. ನಮ್ಮ ಮಿಕ್ಸರ್ ರಿಪೇರಿಯವನು ಪ್ರತಿ ಸಲ ಎರಡು ಸ್ಕ್ರೂ ನನ್ನ ಕೈಗೇ ಕೊಟ್ಟು "ಇವು ಹೆಚ್ಚಾಗ್ಯಾವು" ಅನ್ನುತ್ತಾನೆ.

ಆದರೆ ಅವರನ್ನು ಎಲ್ಲರೂ ನಂಬುತ್ತಿದ್ದದ್ದು ಮೇಜಿನ ಒಂದು ಡ್ರಾದಿಂದ. ಹಳೆಯ ಡಿಸ್ಕ್ ತೆಗೆದು ಹೊಸದು ಹಾಕಿದಾಗ ಅವರು ಹಳೆಯದನ್ನು ಒರೆಸುತ್ತಿರಲಿಲ್ಲ, ಮಾರುತ್ತಿರಲಿಲ್ಲ. ಕಾಗದದಲ್ಲಿ ಸುತ್ತಿ, ಊರು, ಹೆಸರು, ತಾರೀಖು ಬರೆದು ಒಂದು ವರ್ಷ ಆ ಡ್ರಾದಲ್ಲಿಡುತ್ತಿದ್ದರು. "ಎಲ್ಲಾ ಹೊಸಾದರಾಗ ಹಾಕೇನಿ ಖರೆ. ಆದ್ರ ವರ್ಷಕ್ಕೊಮ್ಮೆ ನೆನಪಾಗೂವು ಕೆಲವ ಇರ್ತಾವು. ಒಂದ ವರ್ಷ ತಿರುಗಲಿ, ಆಮ್ಯಾಲ ಒರಸೂಣು." ಮಂಗಸೂಳಿಯ ಒಬ್ಬರು ಹೀಗೆ ಹತ್ತು ತಿಂಗಳ ಮೇಲೆ ಬೆವರುತ್ತ ಬಂದಿದ್ದರು. ಮಲ್ಲಯ್ಯನ ಪ್ರಸಾದವನ್ನು ದೂರದ ಭಕ್ತರಿಗೆ ಅಂಚೆಯಲ್ಲಿ ಕಳಿಸುವ ವಿಳಾಸದ ಪಟ್ಟಿ ಹೊಸ ಡ್ರೈವಿನಲ್ಲಿ ಸಿಗುತ್ತಿಲ್ಲ, ವರ್ಷಕ್ಕೊಮ್ಮೆ ಬೇಕಾಗುವಂಥದ್ದು. ಚಾಚಾ ಡ್ರಾ ಎಳೆದರು, ಪೊಟ್ಟಣ ಬಿಚ್ಚಿದರು, ಹತ್ತು ನಿಮಿಷದಲ್ಲಿ ಪಟ್ಟಿ ಸಿಕ್ಕಿತು. ಅದು ಯಾರೂ ನೋಡದ ಮೂಲೆಯ ಫೋಲ್ಡರಿನಲ್ಲಿತ್ತು. ಆ ಮನುಷ್ಯ ಚಾಚಾ ಅವರ ಕಾಲಿಗೆ ಬಗ್ಗಿದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದು, "ನನಗ ಬ್ಯಾಡಪಾ, ಅಲ್ಲಿ ಗುಡ್ಯಾಗ ಬೀಳು," ಅಂದರು.

ಇದೆಲ್ಲ ಗೊತ್ತಿದ್ದೇ ನಾನು ಆ ಜೂನ್ ತಿಂಗಳು ನನ್ನ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಅದು ಹನ್ನೆರಡು ವರ್ಷದ ಹಳೆಯದು. ನನ್ನ ಯಜಮಾನರು ಕೊಂಡದ್ದು. ಅವರಿಗೆ ಫೋಟೋ ತೆಗೆಯುವ ಹುಚ್ಚು. ಬೆನ್ನ ಹಿಂದೆ ಬಿಸಿಲಿರಬೇಕು ಎಂದು ಕ್ಯಾಮೆರಾ ಮಾರಿದವನು ಹೇಳಿಕೊಟ್ಟದ್ದನ್ನು ಕಡೆತನಕ ಪಾಲಿಸಿದರು. ಹಾಗಾಗಿ ನಮ್ಮ ಮಗಳು ರಾಜಶ್ರೀಯ, ನಮ್ಮ ರಾಜಿಯ, ಒಂದೊಂದು ಫೋಟೋದಲ್ಲೂ ಅವಳ ಕಾಲಬಳಿ ಅವರ ಉದ್ದನೆಯ ನೆರಳು ಬಿದ್ದಿರುತ್ತಿತ್ತು. ಕ್ಯಾಮೆರಾ ಅವರ ಕೈಯಲ್ಲೇ ಇರುತ್ತಿದ್ದುದರಿಂದ ಅವರ ಫೋಟೋಗಳು ಕಡಿಮೆ, ನೆರಳುಗಳೇ ಹೆಚ್ಚು. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ ಇಡುತ್ತಿದ್ದರು. ರಾಜಿ ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅವರು ತೀರಿಕೊಂಡರು. ಆಮೇಲೆ ಮನೆಯಲ್ಲಿ ನಾನು, ಅವಳು ಇಬ್ಬರೇ.

ಆ ರಾಜಿ ಅದೇ ವರ್ಷ ಯುಗಾದಿಯ ಮೇಲೆ ಕಾಗವಾಡದ ಹುಡುಗನನ್ನು ರಜಿಸ್ಟರ್ ಮದುವೆಯಾಗಿದ್ದಳು. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸದ ಹುಡುಗ, ಒಂದು ಚಟವಿಲ್ಲ, ಮಾತು ಮೆತ್ತಗೆ. ಜಾತಿ ಬೇರೆ. ನಾವು ಜೈನರು, ಅವರಲ್ಲ. ನಾನು ಬೇಡವೆಂದದ್ದಕ್ಕೆ ಅಷ್ಟೇ ಕಾರಣ. ಬೇರೆ ಬಣ್ಣ ಬಳಿಯುವುದಿಲ್ಲ. ಅವಳು ಬ್ಯಾಗು ಹಿಡಿದು ನಿಂತಾಗ ನಾನು ತಲೆಬಾಗಿಲು ಹಾಕಿಕೊಂಡೆ. ಎರಡು ತಿಂಗಳು ನನ್ನ ಸಿಟ್ಟು ಇಳಿಯಲಿಲ್ಲ. ಆ ಸಿಟ್ಟಿನ ಜೊತೆಗೇ ನಾನು ನಿಪ್ಪಾಣಿಯ ಬಸ್ಸು ಹತ್ತಿದ್ದು.

ಚಾಚಾ ಅವರ ಮಗ ಇರ್ಫಾನ್ ಅವತ್ತು ಸಾಮಾನು ತರಲು ಕೊಲ್ಹಾಪುರಕ್ಕೆ ಹೋಗಿದ್ದ. ಅಂಗಡಿಯಲ್ಲಿ ಅವರೊಬ್ಬರೇ. ಚಹಾ ಬಂತು, ಗುಂಡಿ ಒತ್ತಿದರು. ಚಹಾ ಮುಗಿಯಿತು. ಪರದೆಯ ಮೇಲೆ ಚುಕ್ಕೆಗಳು ತಿರುಗುತ್ತಲೇ ಇದ್ದವು.

"ಇನ್ನೊಂದ ತರಸ್ಲೇನ್ರಿ ಅಕ್ಕೋರ?"

ಎರಡನೆಯ ಚಹಾವೂ ಮುಗಿದ ಮೇಲೆ ಪರದೆ ತೆರೆಯಿತು. "ಮಷಿನ್ ಗಟ್ಟಿ ಐತ್ರಿ. ಒಳಗ ತಿರುಗೂ ಡಿಸ್ಕ್ ದಣದೈತಿ. ಅದರ ಬದಲಿ ತಿರುಗಲಾರದ ಎಸ್‌ಎಸ್‌ಡಿ ಹಾಕಿದ್ರ ಇನ್ನ ಐದಾರ ವರ್ಷ ಕಣ್ಣ ಮುಚ್ಚಿ ಓಡ್ತೈತಿ," ಅಂದರು.

ನಮ್ಮ ಗಣಿತದ ಮಾಸ್ತರರು ನನಗೆ ಪಾಠ ಹೇಳಿ ಕಳಿಸಿದ್ದರು. ನಾನು ಬಲ್ಲವಳಂತೆ, "ಆ ಹೊಸಾದು, ಸಣ್ಣ ಪಟ್ಟಿಯಂಗ ಇರ್ತೈತಲ್ಲ, ಅದನ್ನ ಹಾಕ್ರಿ. ಅದು ಜೋರ ಅಂತ," ಅಂದೆ.

ಚಾಚಾ ಎದ್ದು ಶಟರು ಮುಟ್ಟಿ ಬಂದರು. ಲ್ಯಾಪ್‌ಟಾಪ್ ಬೋರಲು ಹಾಕಿ ಹಿಂಬದಿ ತೆರೆದು ನನ್ನ ಕಡೆ ತಿರುಗಿಸಿದರು. "ಜೋರ ಐತಿ, ಖರೆ. ಆದ್ರ ಅದನ್ನ ಕುಂಡ್ರಸಾಕ ಇದರಾಗ ಜಾಗಾನ ಇಲ್ಲಲ್ರಿ. ನೋಡ್ರಿ, ಎಲ್ಲೈತಿ? ನಿಮ್ಮ ಮಷಿನ್‌ಗ ಈ ಚಪ್ಪಟಿ ಡಬ್ಬಿ ನಮೂನಿದ ಬೇಕು. ಹಳೇದ ಕುಂತ ಜಾಗಾದಾಗ ಬರೋಬ್ಬರಿ ಕುಂಡರ್ತೈತಿ." ಗಣಿತದ ಮಾಸ್ತರರ ಪಾಠ ಅಲ್ಲಿಗೆ ಮುಗಿಯಿತು.

ಆಮೇಲೆ ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟರು. ಒಂದು ದೊಡ್ಡ ಅಳತೆಯದು, ಇನ್ನೊಂದು ಅದರ ಅರ್ಧ. ಹಳೆಯ ಡಿಸ್ಕಿನಲ್ಲಿ ಏನೇನು ತುಂಬಿದೆ ಎಂದು ತೆರೆದು ನೋಡಿ ಹೇಳಿದರು: "ಮುಕ್ಕಾಲ ಪಾಲ ಫೋಟೋನ ಅದಾವ್ರಿ. ಇವು ಬೇಕಂದ್ರ ದೊಡ್ಡದ ತಗೋರಿ. ಬರೇ ಸಾಲೀ ಕೆಲಸ ಅಂದ್ರ ಸಣ್ಣದ ಸಾಕು."

"ಸಣ್ಣದು ಸಾಕು," ಅಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಪರದೆಯ ಮೇಲೆ ಎರಡು ಜಡೆಯ ರಾಜಿ ಹಲ್ಲುಬಿದ್ದ ಬಾಯಿ ತೆರೆದು ನಗುತ್ತಿದ್ದಳು.

"ಈ ಹುಡುಗಿ ಯಾರ್ರಿ?"

"ಮಗಳಿದ್ಲು."

"ಇದ್ಲು ಅಂದ್ರ?"

ನಾನು ಹೇಳಿದೆ. ಅಕ್ಕತಂಗಿಯರಿಗೂ ಹೇಳದ್ದನ್ನು, ಬಸದಿಯಲ್ಲಿ ಕೇಳಿದವರಿಗೆ ಸುಳ್ಳು ಹೇಳಿ ಮುಚ್ಚಿಟ್ಟದ್ದನ್ನು, ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಹೇಳಿಬಿಟ್ಟೆ. ನನ್ನ ದನಿ ಏರಿದ್ದು ನೋಡಿ ಅವರು ಎದ್ದು ಶಟರು ಅರ್ಧ ಎಳೆದು ಬಂದರು. ಓಣಿಯವರು ಕೇಳಬಾರದು ಅಂತ. ಎಲ್ಲ ಕೇಳಿ, "ಆಯ್ತ್ರಿ. ಸಣ್ಣದ ಹಾಕ್ತೀನಿ. ಹಳೇದ ಡ್ರಾದಾಗ ಇರ್ಲಿ. ವರ್ಷ ಆದ ಮ್ಯಾಲ ನೋಡೂಣು," ಅಂದರು.

"ಬ್ಯಾಡ. ಒರಸ್ರಿ."

"ಆರ ತಿಂಗಳ ಇಡೂಣು?"

"ಇವತ್ತ. ನನ್ನ ಕಣ್ಣ ಮುಂದ."

"ಅಕ್ಕೋರ, ಕೇಳ್ರಿ. ಬರೇ ಅಳಿಸಿದ್ರ ಮತ್ತ ತಗೀಬಹುದು. ಪೂರಾ ಒರಸಿದ್ರ ನನ್ನ ಕಡಿಂದೂ ಬರಂಗಿಲ್ಲ, ಯಾರ ಕಡಿಂದೂ ಬರಂಗಿಲ್ಲ. ಯಾವ್ದ ಮಾಡ್ಲಿ?"

"ಪೂರಾ."

ಪೂರಾ ಒರೆಸಲು ಎರಡೂವರೆ ತಾಸು ಹಿಡಿಯಿತು. ಅಷ್ಟು ಹೊತ್ತೂ ನಾನು ಸ್ಟೂಲು ಬಿಟ್ಟು ಏಳಲಿಲ್ಲ. ಅವರೂ ಬೇರೆ ಕೆಲಸ ಮುಟ್ಟಲಿಲ್ಲ. ನಡುವೆ ಒಮ್ಮೆ ಪರದೆ ನೋಡಿ, "ಅರ್ಧಾ ಆತ್ರಿ. ಇನ್ನ ಅರ್ಧಾ ಉಳದೈತಿ. ನಿಲ್ಲಸ್ಲೇನು?" ಎಂದು ಕೇಳಿದರು. ನಾನು, "ನಡೀಲಿ," ಅಂದೆ. ಮುಗಿದಾಗ ಖಾಲಿ ಡಿಸ್ಕನ್ನು ನನ್ನ ಕೈಗೆ ಕೊಡಲು ಬಂದರು. ಅದನ್ನೂ ಅಲ್ಲೇ ಬಿಟ್ಟು ಬಂದೆ.

ಅವರು ನನಗೆ ಮೋಸ ಮಾಡಬಹುದಿತ್ತು. ಸಿಟ್ಟಿನಲ್ಲಿ ಬಂದಿದ್ದಾಳೆ, ನಾಳೆ ಅಳುತ್ತ ಬರುತ್ತಾಳೆ ಎಂದು ತಿಳಿದು, ಒರೆಸಿದಂತೆ ಮಾಡಿ ಒಂದು ಪ್ರತಿ ಎತ್ತಿಡಬಹುದಿತ್ತು. ಎಷ್ಟು ಸಲ ನಾನು ಹಾಗೆ ಹಂಬಲಿಸಿಲ್ಲ. ಆದರೆ ಅವರು ಅಂಥವರಲ್ಲ. "ಮಾಲು ನಿಮ್ದು. ನಾ ಹೇಳೂದು ಹೇಳೇನಿ," ಅಂದರು, ಅಷ್ಟೇ. ಹೋಗುವಾಗ ಲ್ಯಾಪ್‌ಟಾಪ್ ಹತ್ತು ಸೆಕೆಂಡಿನಲ್ಲಿ ತೆರೆದದ್ದನ್ನು ತೋರಿಸಿದರು. ನಾನು ಖುಷಿಪಟ್ಟೆ. ಖರೆ ಹೇಳಬೇಕೆಂದರೆ ಖುಷಿಪಟ್ಟೆ.

ಸಿಟ್ಟು ಎಷ್ಟು ದಿನ ಇರುತ್ತದೆ. ಬಸುರಿ ರಾಜಿಗೆ ಏಳು ತಿಂಗಳಾದಾಗ ಅಳಿಯನೇ ಫೋನು ಮಾಡಿ, "ಕುಬಸಕ್ಕ ಬರ್ರಿ ಅವ್ವಾರ, ಆಕಿ ದಿನಾ ಅಳ್ತಾಳ," ಅಂದ. ಹೋದೆ. ಅವಳ ಊದಿದ ಕಾಲು ನೋಡಿದ ಮೇಲೆ ನನ್ನ ಜೈನತನವೆಲ್ಲ ಎಲ್ಲಿ ಹೋಯಿತೋ. ಹೆರಿಗೆಗೆ ಮನೆಗೇ ಕರೆತಂದೆ. ಗಂಡು ಹುಟ್ಟಿತು. ಬಾಣಂತನ ಮಾಡುತ್ತ, ಎಣ್ಣೆ ತಿಕ್ಕುತ್ತ, ನಾವಿಬ್ಬರೂ ಹಳೆಯದನ್ನು ಎತ್ತದೆ ಮೂರು ತಿಂಗಳು ಕಳೆದೆವು. ಅಷ್ಟು ಸುಖ ನನಗೆ ಅದಕ್ಕೂ ಹಿಂದೆ ಎಂದು ಸಿಕ್ಕಿತ್ತೋ ನೆನಪಿಲ್ಲ.

ಮೂರನೇ ತಿಂಗಳಲ್ಲಿ ಬೀಗಿತಿ ಕೂಸು ನೋಡಲು ಬಂದರು. "ಥೇಟ್ ನಮ್ಮ ಮಾವನೋರ ಮಾರಿ," ಅಂದರು. ರಾಜಿ ನಕ್ಕು, "ಇಲ್ರಿ ಅತ್ತಿ, ನನ್ನಂಗ ಅದಾನ. ಅಪ್ಪಾ ತಗದಿದ್ದ ನನ್ನ ಸಣ್ಣಂದಿನ ಫೋಟೋ ತೋರಸ್ತೀನಿ ತಡೀರಿ," ಎನ್ನುತ್ತ ನನ್ನ ಲ್ಯಾಪ್‌ಟಾಪ್ ತೆಗೆದಳು. ಹುಡುಕಿದಳು. ಮತ್ತೆ ಹುಡುಕಿದಳು.

"ಅವ್ವಾ, ಫೋಟೋ ಎಲ್ಲಿ?"

ಬೀಗಿತಿ ನೋಡುತ್ತಿದ್ದರು. ಕೂಸು ನನ್ನ ತೊಡೆಯ ಮೇಲಿತ್ತು. ನಾನು, "ಡ್ರೈವ್ ಬದಲಿ ಮಾಡ್ಸಿದ್ನಲ್ಲ, ಆ ನಿಪ್ಪಾಣಿ ಚಾಚಾ ಹಾಕಿಲ್ಲೇನೋ," ಅಂದೆ. ಆ ಮಾತು ತಾನಾಗಿ ಬಾಯಿಂದ ಜಾರಿತು ಎಂದು ಬರೆಯಬಹುದು. ಸುಳ್ಳಾಗುತ್ತದೆ. ಮಗಳು ಮತ್ತೆ ಎದ್ದುಹೋದಾಳು ಎಂಬ ಹೆದರಿಕೆಯಲ್ಲಿ, ಯೋಚಿಸಿಯೇ ಅಂದೆ.

ಅಲ್ಲಿಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ಆದರೆ ಅವರ ಡ್ರಾದ ಸುದ್ದಿ ರಾಜಿಗೂ ಗೊತ್ತಿತ್ತು. "ಅವರು ವರ್ಷ ಇಡ್ತಾರಲ್ಲ? ಇನ್ನೂ ವರ್ಷ ಆಗಿಲ್ಲ. ನಡಿ, ಕೇಳೂಣು," ಎಂದು ಮರುದಿನವೇ ಕೂಸನ್ನು ಬೀಗಿತಿಯ ಕೈಗಿತ್ತು ನನ್ನನ್ನು ಎಳೆದುಕೊಂಡು ಹೊರಟಳು. ಚಾಚಾ ಒಂದು ಮಾತು ಅಂದರೆ ಸಾಕು, ನನ್ನ ಕಥೆ ಮುಗಿಯಿತು.

ಅಂಗಡಿಯಲ್ಲಿ ಕೊಗನೊಳ್ಳಿಯ ಇಬ್ಬರು ಗಿರಾಕಿಗಳಿದ್ದರು. ಒಳಗೆ ಇರ್ಫಾನ್ ಕೆಲಸ ಮಾಡುತ್ತಿದ್ದ. ರಾಜಿ ನೇರವಾಗಿ ಕೇಳಿದಳು: "ಚಾಚಾ, ನಮ್ಮ ಅವ್ವನ ಹಳೇ ಡಿಸ್ಕ್ ಎಲ್ಲೈತ್ರಿ? ಅದರಾಗ ನನ್ನ ಸಣ್ಣಂದಿನ ಫೋಟೋ ಇದ್ದೂವು. ನಮ್ಮಪ್ಪ ತಗದಿದ್ದು. ಅವರು ಇಲ್ಲರಿ ಈಗ."

ಅವರು ಅವಳ ಮುಖ ನೋಡಿದರು. ಪರದೆಯ ಮೇಲೆ ಕಂಡಿದ್ದ ಹುಡುಗಿ ಎಂದು ಅವರಿಗೆ ಗುರುತು ಸಿಕ್ಕಿತು. ಅದು ನನಗೂ ಗೊತ್ತಾಯಿತು. ಆಮೇಲೆ ನನ್ನ ಕಡೆ ನೋಡಿದರು. ನಾನು ಕಣ್ಣು ತಗ್ಗಿಸಿದೆ. ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಮೆಲ್ಲಗೆ ಕೆಳಗಿಟ್ಟರು.

"ನಂದ ತಪ್ಪಾತವ್ವಾ," ಅಂದರು. "ನಿಮ್ಮ ಅವ್ವ ಭಾಳ ಸಲ ಹೇಳಿದ್ರು, ಮಗಳ ಫೋಟೋ ಅದಾವು, ಹುಷಾರಿಂದ ತಗದ ಇಡ್ರಿ ಅಂತ. ನಾ ಮರತ ಒರಸಿಬಿಟ್ನಿ."

ರಾಜಿ ಸುಮ್ಮನಿರುವವಳಲ್ಲ, ನನ್ನದೇ ಮಗಳು. ನನ್ನ ಅಪ್ಪನ ನೆರಳೂ ಉಳಿಸಲಿಲ್ಲ ನೀವು ಎಂದು ಅತ್ತಳು, ಬೈದಳು. ವಯಸ್ಸಾದ ಮೇಲೆ ಇಂಥ ಕೆಲಸಕ್ಕೆ ಯಾಕೆ ಕೈ ಹಾಕುತ್ತೀರಿ ಅಂದಳು. ಗಿರಾಕಿಗಳು ಬಾಯಿ ಬಿಟ್ಟು ನೋಡಿದರು. ಇರ್ಫಾನ್ ಹೊರಗೆ ಬಂದು ತಂದೆಯ ಪಕ್ಕ ನಿಂತ, ಅವನ ಮುಖ ಕೆಂಪಾಗಿತ್ತು. ಚಾಚಾ ತಲೆಬಾಗಿ ಎಲ್ಲ ಕೇಳಿಸಿಕೊಂಡರು. ನಾನು ಮಗಳ ತೋಳು ಹಿಡಿದು, "ಹೋಗ್ಲಿ ಬಿಡವಾ," ಅಂದೆ. ದೊಡ್ಡ ಮನಸ್ಸಿನವಳ ಹಾಗೆ ಅಂದೆ.

ಬಸ್ಸಿನಲ್ಲಿ ರಾಜಿ ನನ್ನ ಹೆಗಲಿಗೆ ತಲೆಯಿಟ್ಟಳು. "ಅಷ್ಟ ಸಿಟ್ಟಿನಾಗೂ ನೀ ನನ್ನ ಫೋಟೋ ಇಡಾಕ ಹೇಳಿದ್ಯಲ್ಲವಾ," ಅಂದಳು. ನನಗೆ ಆಗ ತಿಳಿಯಿತು, ಅವರು ತಮ್ಮ ಮೇಲೆ ತಪ್ಪು ಹೊತ್ತದ್ದಷ್ಟೇ ಅಲ್ಲ, ನಾನು ಆಗಬೇಕಿದ್ದ ತಾಯಿಯನ್ನೂ ನನಗೆ ದಾನ ಮಾಡಿದ್ದರು. ಅದನ್ನು ಮಡಿಲಲ್ಲಿ ಹಾಕಿಕೊಂಡು ಮನೆಗೆ ಬಂದೆ.

ರಾಜಿ ಅವತ್ತೇ ತನ್ನ ಕಾಲೇಜಿನ ಗೆಳತಿಯರ ಗುಂಪಿಗೆ ಫೋನಿನಲ್ಲಿ ಬರೆದಳು, ಇಂಥ ಅಂಗಡಿಗೆ ಡಿಸ್ಕ್ ಕೊಡಬೇಡಿ ಅಂತ. ಅದು ಗುಂಪಿನಿಂದ ಗುಂಪಿಗೆ ಹೋಗಿ ನಮ್ಮ ಸ್ಟಾಫ್ ರೂಮಿಗೂ ಬಂತು. ಗಣಿತದ ಮಾಸ್ತರರು ನನಗೇ ಓದಿ ತೋರಿಸಿದರು. ನಾನು, "ಹೌದಾ," ಅಂದೆ.

ದೀಪಾವಳಿ ಹತ್ತಿರ ಬಂದಾಗ ತಡೆಯಲಾರದೆ ಒಬ್ಬಳೇ ನಿಪ್ಪಾಣಿಗೆ ಹೋದೆ. ಚಾಚಾ ಅಂಗಡಿಯ ಮುಂಭಾಗದಲ್ಲಿ ಕುಳಿತು ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಕೀಬೋರ್ಡಿನ ಧೂಳು ತೆಗೆಯುತ್ತಿದ್ದರು. ಮೇಜಿನ ಮೇಲೆ ಮರಾಠಿ ಪೇಪರಿರಲಿಲ್ಲ, ಸ್ಕ್ರೂಗಳಿರಲಿಲ್ಲ. ಒಳಗೆ ಇರ್ಫಾನ್ ಒಬ್ಬನೇ ಯಂತ್ರ ಬಿಚ್ಚುತ್ತಿದ್ದ.

"ಬರ್ರಿ ಅಕ್ಕೋರ. ಮೊಮ್ಮಗ ಹ್ಯಾಂಗದಾನ?"

"ಚಾಚಾ, ಅವತ್ತಿಂದು... ನಾ ಇರ್ಫಾನ್‌ಗ ಹೇಳ್ತೀನಿ. ಈಗ ಹೇಳ್ತೀನಿ."

ಅವರು ಒಳಗೊಮ್ಮೆ ನೋಡಿ ದನಿ ಇನ್ನೂ ತಗ್ಗಿಸಿದರು. "ಬ್ಯಾಡ್ರಿ. ಊರ ಭಾಳ ಸಣ್ಣದ ಐತಿ. ಇಲ್ಲಿ ಹೇಳಿದ್ದು ಸಂಜೀಕ ಕಾಗವಾಡ ಮುಟ್ತೈತಿ. ಮಗಳು ಮನಿಗಿ ಬರ್ತಾಳಿಲ್ಲೋ?"

"ಬರ್ತಾಳ್ರಿ."

"ಮತ್ತ? ನನಗೂ ವಯಸ್ಸಾತು. ಎಂದರ ಒಂದಿನ ಬಿಡೂದ ಇತ್ತು."

ಅವರು ಬೇಡ ಅಂದರು ನಿಜ. ಆದರೆ ಬೇಡ ಅನ್ನುವಾಗ ಅವರ ಕೈ ಬ್ರಷ್ಷನ್ನು ಸುಮ್ಮನೆ ತಿರುಗಿಸುತ್ತಿತ್ತು, ಕಣ್ಣು ಇರ್ಫಾನನ ಮೇಜಿನ ಮೇಲಿತ್ತು. ನಾನು ಕುರುಡಿಯಲ್ಲ, ನೋಡಿದೆ. ನೋಡಿಯೂ, ಅವರೇ ಬೇಡ ಅಂದರಲ್ಲ ಎಂದು ಸಮಾಧಾನ ಮಾಡಿಕೊಂಡು ಎದ್ದು ಬಂದೆ. ನನಗೆ ಹಗುರವಾಗಿತ್ತು. ಆ ಹಗುರವನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಮತ್ತೆ ಹೋಗಬೇಕೆಂದುಕೊಂಡೆ. ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ಬೇಸಿಗೆ ರಜೆಗೆ ಮೊಮ್ಮಗ ಬಂದ. ನೆಪಗಳಿಗೆ ಬರವಿರಲಿಲ್ಲ. ಮಳೆ ಶುರುವಾದ ಮೇಲೆ ಒಂದು ದಿನ ಗಣಿತದ ಮಾಸ್ತರರು ನಿಪ್ಪಾಣಿಗೆ ಹೋಗಿ ಬಂದು, "ಆ ಚಾಚಾ ಹೋಗಿ ಹದಿನೈದ ದಿನ ಆತಂತ್ರಿ. ಮುಂಜಾನಿ ಎದಿ ಹಿಡಕೊಂಡ ಕುಂತವರು ಏಳಲಿಲ್ಲಂತ," ಅಂದರು. ಆ ದಿನ ಏಳನೇ ಪೀರಿಯಡ್ಡಿನಲ್ಲಿ ನಾನು ಪಾಠ ಮಾಡಲಿಲ್ಲ. ಮಕ್ಕಳಿಗೆ ಓದಿಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲಿ ಕುಳಿತೆ.

ರಾಜಿಗೆ ಫೋನು ಮಾಡಿ, ಚಾಚಾ ತೀರಿಕೊಂಡರಂತೆ, ಅವರ ಮನೆಯವರನ್ನು ಮಾತಾಡಿಸಲು ನಿಪ್ಪಾಣಿಗೆ ಹೋಗಬೇಕು, ಬಾ ಅಂದೆ. "ಬರ್ತೀನವಾ. ನಾನೂ ಅವತ್ತ ಅವರಿಗೆ ಭಾಳ ಅಂದೇನಿ," ಅಂದಳು. ಬಸ್ಸಿನಲ್ಲಿ ಹೇಳಬೇಕೆಂದಿದ್ದೆ. ಮೊಮ್ಮಗ ತೊಡೆಯ ಮೇಲೆ ನಿಂತು ನನ್ನ ಕನ್ನಡಕ ಕೀಳುತ್ತಿದ್ದ, ರಾಜಿ ನಗುತ್ತಿದ್ದಳು. ನಿಪ್ಪಾಣಿ ಬಂದುಬಿಟ್ಟಿತು.

ಚಾಚಾ ಅವರ ಹೆಂಡತಿಯನ್ನು ನಾನು ಅವತ್ತೇ ಮೊದಲು ನೋಡಿದ್ದು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದ ನೇಮ ಅವರದು. ಒಳಕೋಣೆಯ ಚಾಪೆಯ ಮೇಲೆ ಕುಳಿತಿದ್ದರು. ನಾವು ಎದುರು ಕುಳಿತೆವು. ಇರ್ಫಾನ್ ನಮಗೆ ನೀರು ಕೊಟ್ಟು ಬಾಗಿಲಲ್ಲಿ ನಿಂತ. ನಾನು ಬಾಯಿ ತೆರೆಯುವ ಮುಂಚೆ ರಾಜಿಯೇ ಅವರ ಕೈ ಹಿಡಿದಳು.

"ಚಾಚೀ, ನಾ ಅವತ್ತ ಅಂಗಡ್ಯಾಗ ದೊಡ್ಡವರು ಅನ್ನೂದ ನೋಡ್ಲಿಲ್ಲ. ಬಾಯಿಗಿ ಬಂದಂಗ ಅಂದ್ನಿ. ತಪ್ಪಾತ್ರಿ."

"ಇಲ್ಲವ್ವಾ," ಅಂದರು ಆಕೆ. "ನೀ ಅಂದಿದ್ದ ಬರೋಬ್ಬರಿ ಇತ್ತು. ನಲವತ್ತ ವರ್ಷದಾಗ ಅವರ ಕೈಯಾಗ ಕೆಟ್ಟಿದ್ದ ಒಂದ ಕೆಲಸ. ಅದು ನಿಮ್ಮ ಮನೀದ ಆತು. ವಯಸ್ಸಾಗಿತ್ತು, ಕೈ ಮಾತ ಕೇಳ್ತಿರಲಿಲ್ಲ. ನಿಮ್ಮಪ್ಪನ ಫೋಟೋ ಹೋದ್ವು. ಮಾಫ್ ಮಾಡವ್ವಾ ಅವರಿಗೆ."

ಗಂಡನನ್ನು ಮಣ್ಣು ಮಾಡಿ ಮೂರು ವಾರವಾಗದ ಹೆಂಗಸು, ಆ ಗಂಡ ಮಾಡದ ತಪ್ಪಿಗೆ ನನ್ನ ಮಗಳ ಮುಂದೆ ಸೆರಗೊಡ್ಡುತ್ತಿದ್ದಳು. ಚಾಚಾ ಮನೆಯಲ್ಲೂ ಹೇಳಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದವಳಿಗೂ, ಹೊಟ್ಟೆಯ ಮಗನಿಗೂ ಹೇಳಿರಲಿಲ್ಲ.

"ಭಾಭಿ," ಅಂದೆ. "ಅವರ ಕೈಯಾಗ ಏನೂ ಕೆಟ್ಟಿಲ್ಲ. ಒರಸ್ರಿ ಅಂದಾಕಿ ನಾನು. ಅವರು ವರ್ಷ ಇಡೂಣು ಅಂದ್ರು, ಆರ ತಿಂಗಳ ಇಡೂಣು ಅಂದ್ರು. ನಾ ಕೇಳ್ಲಿಲ್ಲ. ಅರ್ಧಾ ಆದಾಗ ನಿಲ್ಲಸ್ಲೇನು ಅಂದ್ರು. ನಾನ ಬ್ಯಾಡ ಅಂದ್ನಿ. ಮಗಳ ಮ್ಯಾಲಿನ ಸಿಟ್ಟಿಗೆ ಒರಸಿಸೇನಿ. ಆಮ್ಯಾಲ ಮಗಳಿಗೆ ಅಂಜಿ ಅವರ ಮ್ಯಾಲ ಹಾಕ್ದೆ. ನನ್ನ ಮರ್ಯಾದಿ ಉಳಸಾಕ ಅವರು ಸುಳ್ಳ ಹೇಳಿದ್ರು."

ರಾಜಿ ನನ್ನ ಕಡೆ ತಿರುಗಲಿಲ್ಲ. ಕೈಚಾಚಿ ನನ್ನ ತೊಡೆಯ ಮೇಲಿದ್ದ ಮಗುವನ್ನು ಎತ್ತಿಕೊಂಡು ಚಾಪೆಯ ಆ ಕಡೆಗೆ ಸರಿದು ಕುಳಿತಳು. ಸಂಜೆ ಅವಳು ನನ್ನ ಜೊತೆ ಬಸ್ಸು ಹತ್ತಲಿಲ್ಲ. ಗಂಡನನ್ನು ಕರೆಸಿಕೊಂಡು ಕಾಗವಾಡಕ್ಕೆ ಹೋದಳು. ಅಂದು ಬರೆದ ಗುಂಪಿಗೇ ಖರೆ ಸಂಗತಿ ಬರೆದಳು, ನನ್ನ ಹೆಸರು ಹಾಕಿ ಬರೆದಳು. ಹಾಕಬೇಕಿತ್ತು. ಈಗ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ಮಗುವಿಗೆ ಹಲ್ಲು ಬಂದದ್ದು, ಜ್ವರ ಬಂದದ್ದು ಹೇಳಿ ಇಡುತ್ತಾಳೆ. ಅದು ನನ್ನ ಪಾಲಿಗೆ ಬಂದದ್ದು, ಉಣ್ಣುತ್ತೇನೆ.

ಆದರೆ ಅವತ್ತು ಆ ಕೋಣೆಯಲ್ಲಿ ಮೊದಲು ಬಾಯಿ ಬಿಟ್ಟವನು ಇರ್ಫಾನ್. ನನ್ನನ್ನು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ಇವರು ಅಂಗಡಿಗೆ ಬಂದ ಬೈದ ಹೋದ ದಿನಾನ ಸಂಜೀಕ ಅವರ ಕೈಯಾಗಿಂದ ಸ್ಕ್ರೂ ಡ್ರೈವರ್ ನಾನ ಕಸಗೊಂಡೇನಿ," ಅಂದ. "'ಅಬ್ಬಾಜಾನ್, ಇನ್ನ ನೀವು ಮಷಿನ್ ಮುಟ್ಟಬ್ಯಾಡ್ರಿ, ನಿಮ್ಮ ಕೈ ಹೋಗೈತಿ' ಅಂದೆ. ಸುಮ್ನ ಕೊಟ್ರು. ಒಂದ ಮಾತ ಅನ್ಲಿಲ್ಲ."

ಚಾಚಾ ಅವರ ಹೆಂಡತಿ ತಮ್ಮ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ನನ್ನನ್ನು ಕೇಳಿದರು.

"ಅಂದ್ರ, ಅವರ ಕೈ ಚಲೋನ ಇತ್ತು?"

"ಚಲೋನ ಇತ್ತು ಭಾಭಿ. ಕಡೀತನಕ."

ಆಕೆ ಬಾಗಿಲ ಕಡೆ ತಿರುಗಿದರು. "ಕೇಳಿದೇನಪಾ ಇರ್ಫಾನ?"

ಚೌಕಟ್ಟಿಗೆ ಹಣೆಯಿಟ್ಟು ನಿಂತಿದ್ದ ಮಗ ತಲೆ ಎತ್ತಲಿಲ್ಲ. ಆಕೆ ಅದನ್ನೇ ಇನ್ನೊಮ್ಮೆ ಕೇಳಿದರು.